ಹದಿಮೂರನೆಯ ಚಪ್ಪಡಿಯ ಆನೆ

ಬಹಳ ಹಿಂದೆ ಒಂದು ರಾಜ್ಯವಿತ್ತು. ಎಷ್ಟು ಹಿಂದೆ ಎಂದು ಕೇಳಬೇಡಿ. ತಾವು ಎಷ್ಟು ಮುಂದೆ ಇದ್ದೇವೆ ಎಂಬುದನ್ನು ಮಾತ್ರ ಅಲ್ಲಿಯವರು ಲೆಕ್ಕ ಇಡುತ್ತಿದ್ದರು. ಹೆಸರು ಭೂರಿಮಂಡಲ. ಆಳುತ್ತಿದ್ದವರು ಶ್ರೀಮನ್ಮಹಾರಾಜ ಅತಿಶಯಮಲ್ಲದೇವರು. ಅವರ ಬಿರುದುಗಳನ್ನೆಲ್ಲ ಅಚ್ಚು ಹಾಕಿದರೆ ಈ ಪುಟದಲ್ಲಿ ಜಾಹೀರಾತಿಗೆ ಜಾಗ ಉಳಿಯುವುದಿಲ್ಲ, ಸಂಪಾದಕರು ನನ್ನ ಮೇಲೆ ಮುನಿಯುತ್ತಾರೆ.

ಮಹಾರಾಜರು ಒಮ್ಮೆ ನೆರೆರಾಜ್ಯದ ಶೃಂಗಸಭೆಗೆ ಚಿತ್ತೈಸಿದ್ದರು. ಅಲ್ಲಿನ ದೊರೆ ಊಟದ ನಡುವೆ ಪಾಯಸದ ಬಟ್ಟಲು ಸರಿಸಿ, "ನಮ್ಮ ಕಾಲೇಜಿನ ಹುಡುಗರು ಅಂಕಿ ನೋಡಿ ನಾಳೆ ಏನಾಗುತ್ತೆ ಅಂತ ಹೇಳಿಬಿಡ್ತಾರೆ. ನಿಮ್ಮಲ್ಲಿ ದತ್ತಾಂಶ ಹೇಗಿದೆ?" ಎಂದು ಕೇಳಿದ. ಅತಿಶಯಮಲ್ಲದೇವರು ಗಂಭೀರವಾಗಿ, "ಈ ಸಲ ಇಳುವರಿ ಚೆನ್ನಾಗಿದೆ" ಎಂದರು. ರಥದಲ್ಲಿ ಮರಳುವಾಗ ಮಾತ್ರ ಮಂತ್ರಿ ಅನುಮೋದರಾಯರನ್ನು ಹತ್ತಿರ ಕರೆದರು.

ಅನುಮೋದರಾಯರ ಕತ್ತು ಮೇಲಕ್ಕೂ ಕೆಳಕ್ಕೂ ಮಾತ್ರ ಆಡುತ್ತಿತ್ತು, ಅಡ್ಡಕ್ಕೆ ಆಡುತ್ತಿರಲಿಲ್ಲ. ರಾಜವೈದ್ಯರು ಅದನ್ನು ಕಾಯಿಲೆ ಎಂದು ಬರೆದುಕೊಟ್ಟ ಮರುದಿನವೇ ಅವರಿಗೆ ಮಂತ್ರಿಪದವಿ ದೊರಕಿತ್ತು.

"ರಾಯರೇ, ನಮ್ಮಲ್ಲಿ ದತ್ತಾಂಶವುಂಟೋ?"

"ಉಗ್ರಾಣದ ತುಂಬ ಇದೆ, ಮಹಾಪ್ರಭು. ತಾವು ಕೇಳಲಿ ಎಂದೇ ಕಾದುಕೊಂಡಿತ್ತು."

ಉಗ್ರಾಣ ತಡಕಿದಾಗ ತಿಳಿದದ್ದು ಬೇರೆ. ಬಾವಿಗಳ ಸಂಖ್ಯೆ ಎಂದರೆ ಹಿಂದಿನ ವರ್ಷದ್ದಕ್ಕೆ ಸ್ವಲ್ಪ ಸೇರಿಸಿದ್ದು. ಶಾಲೆಗಳ ಸಂಖ್ಯೆ ಎಂದರೆ ಬಾವಿಗಳದ್ದನ್ನು ನೋಡಿ ಬರೆದದ್ದು. ಇಡೀ ರಾಜ್ಯದಲ್ಲಿ ಯಾರೋ ನಿಜವಾಗಿ ಅಳೆದು ಬರೆದಿಟ್ಟದ್ದು ಒಂದೇ ಒಂದು: ಗುಂಡುಮಣಿಯ ತೂಕ. ಗುಂಡುಮಣಿ ಅರಮನೆಯಲ್ಲಿ ಹುಟ್ಟಿದ ಹೆಣ್ಣು ಆನೆಮರಿ. ಮಹಾರಾಜರಿಗೆ ಅದರ ಮೇಲೆ ಎಲ್ಲಿಲ್ಲದ ಅಕ್ಕರೆ. ಮಡಿಲಲ್ಲಿ ಬೆಲ್ಲ ಬಚ್ಚಿಟ್ಟುಕೊಂಡು ಅದು ಸೊಂಡಿಲು ಹಾಕಿ ಹುಡುಕಲಿ ಎಂದು ಕಾಯುತ್ತಿದ್ದರು. ಮೊದಲ ಒಂದು ವರ್ಷ ಹುಣ್ಣಿಮೆ ಹುಣ್ಣಿಮೆಗೂ ತುಲಾಭಾರದ ತಕ್ಕಡಿಯಲ್ಲಿ ತೂಗಿಸಿದ್ದರು. ಒಂದು ದಿನ ಅದು ತುಂಬಿದ ದರ್ಬಾರಿನಲ್ಲಿ ಅನುಮೋದರಾಯರ ಪೇಟ ತಿಂದುಬಿಟ್ಟಿತು. ಅಂದಿನಿಂದ ಅರಮನೆಯಲ್ಲಿ ಆನೆಯೂ ಇರಲಿಲ್ಲ, ತೂಗುವ ಕೆಲಸವೂ ಇರಲಿಲ್ಲ.

ಆ ಒಂದು ವರ್ಷದ ಅಂಕಿಯನ್ನು ನಯವಾದ ಕಾಗದದಲ್ಲಿ ಮಹಾರಾಜರ ಭಾವಚಿತ್ರದೊಂದಿಗೆ ಅಚ್ಚು ಹಾಕಿ ಎಲ್ಲ ಕಾಲೇಜಿಗೂ ಕಳಿಸಲಾಯಿತು. ಭಾವಚಿತ್ರ ದೊಡ್ಡದಾಗಿದ್ದರಿಂದ ಕೊನೆಯ ಹುಣ್ಣಿಮೆ ಹಿಂಬದಿಗೆ ಹೋಯಿತು. ಜೊತೆಗೆ ರಾಜಾಜ್ಞೆ: ಇನ್ನು ಮುಂದೆ ಭೂರಿಮಂಡಲದ ಪ್ರತಿಯೊಬ್ಬ ವಿದ್ಯಾರ್ಥಿಯೂ ದತ್ತಾಂಶ ವಿಶ್ಲೇಷಣೆ ಕಲಿಯತಕ್ಕದ್ದು. ಕಲಿಯಲು ಅನುಕೂಲವಾಗಲೆಂದು ಮಾದರಿ ಉತ್ತರವನ್ನೂ ಲಗತ್ತಿಸಲಾಗಿತ್ತು. "ಗುಂಡುಮಣಿಯು ಒಂದು ವರ್ಷದಲ್ಲಿ ಮೂರು ಪಟ್ಟಾಯಿತು. ಆದ್ದರಿಂದ ಪ್ರತಿವರ್ಷವೂ ಮೂರು ಪಟ್ಟಾಗುತ್ತದೆ. ಇದಕ್ಕೆ ವಿಶ್ಲೇಷಣೆ ಎಂದು ಹೆಸರು."

ಈ ಕಾಗದ ಕೊನೆಗೆ ತಲುಪಿದ ಊರು ಕೆಳಗೆರೆ. ಎಲ್ಲವೂ ಅಲ್ಲಿಗೆ ಕೊನೆಗೇ ತಲುಪುತ್ತಿತ್ತು. ಅಲ್ಲಿನ ಕಾಲೇಜಿನಲ್ಲಿ ಮಾಚಲೆ ಎಂಬಾಕೆ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿ. ಬಂದ ಅತಿಥಿಗೆ ಕುರ್ಚಿ ಕೊಡುವ ಪದ್ಧತಿ ಆ ರಾಜ್ಯದಲ್ಲಿ ಎಲ್ಲ ಕಡೆಯೂ ಇತ್ತು, ಕಾಲೇಜಿನಲ್ಲಿ ಬಿಟ್ಟು. ಪ್ರಾಂಶುಪಾಲ ಹೊಂದಾಣಿಕಪ್ಪನವರು ಆಕೆಯನ್ನು ಕರೆದು ಹೊಸ ಪಾಠವನ್ನು ಒಪ್ಪಿಸಿದರು.

"ನಂಗ್ಯಾಕೆ ಸಾರ್? ನಾನು ಕಪ್ಪೆ ಕುಯ್ಯೋದು ಕಲಿಸೋಳು."

"ಈ ದತ್ತಾಂಶದಲ್ಲಿ ಆನೆ ಇದೆ ನೋಡಮ್ಮ. ಆನೆ ಪ್ರಾಣಿ ತಾನೆ? ಸರ್ಕಾರ ಯೋಚನೆ ಮಾಡದೆ ಮಾಡಿರೋಲ್ಲ."

ಉಪನ್ಯಾಸಕರಿಗೆ ರಾಜಧಾನಿಯಲ್ಲಿ ಮೂರು ದಿನದ ತರಬೇತಿಯೂ ಆಯಿತು. ಮೊದಲ ದಿನ ದೀಪ ಬೆಳಗುವವರು ತಡವಾಗಿ ಬಂದರು, ಕೊನೆಯ ದಿನ ಪ್ರಮಾಣಪತ್ರ ಕೊಡುವವರು ಬೇಗ ಹೊರಟರು, ನಡುವಿನ ದಿನ ಕರೆಂಟು ಇರಲಿಲ್ಲ. ಮಾಚಲೆ ಊರಿಗೆ ಮರಳಿದಾಗ ಕಾಲೇಜಿಗೆ ಕಂಪ್ಯೂಟರ್ ಪ್ರಯೋಗಾಲಯ ಮಂಜೂರಾಗಿತ್ತು. ಹಂತಹಂತವಾಗಿ ಕೊಡುವುದೆಂದು ತೀರ್ಮಾನವಾಗಿದ್ದರಿಂದ ಮೊದಲ ಹಂತದಲ್ಲಿ ಮೌಸುಗಳು ಬಂದಿದ್ದವು, ಒಂದು ಪೆಟ್ಟಿಗೆ ತುಂಬ. ಹೊಂದಾಣಿಕಪ್ಪನವರು ಅವಕ್ಕೆಲ್ಲ ಕುಂಕುಮ ಹಚ್ಚಿ, ಹೂ ಏರಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಪರದೆ ಎಂಟನೆಯ ಹಂತದಲ್ಲಿ ಬರುವುದಾಗಿ ಸುದ್ದಿಯಿತ್ತು.

ಮಾಚಲೆ ಕಾದು ಕೂರುವ ಪೈಕಿಯಲ್ಲ. ಕಾಲೇಜಿನ ಜಗುಲಿಗೆ ಉದ್ದಕ್ಕೂ ಚಪ್ಪಡಿಕಲ್ಲು ಹಾಸಿತ್ತು. "ಒಂದು ಚಪ್ಪಡಿ ಅಂದ್ರೆ ಹುಟ್ಟಿದ ದಿನದ ಗುಂಡುಮಣಿ" ಎಂದಳು. ಹುಡುಗ ಹುಡುಗಿಯರನ್ನೇ ಬಿಂದುಗಳನ್ನಾಗಿ ನಿಲ್ಲಿಸಿದಳು. ಒಬ್ಬೊಬ್ಬರು ಒಂದೊಂದು ಹುಣ್ಣಿಮೆ. ಬಾವಿಯ ಹಳೇ ಹಗ್ಗ ತಂದು ಎಲ್ಲರ ಕೈಗೂ ಹಿಡಿಸಿದಾಗ, ಕಂಪ್ಯೂಟರಿನ ಪರದೆಯ ಮೇಲೆ ಮೂಡಬೇಕಾದ ಗೆರೆ ಜಗುಲಿಯ ಮೇಲೇ ಮೂಡಿತು. ಒಬ್ಬ ಹುಡುಗ ಆಕಳಿಸಿದರೆ ಗೆರೆ ಸ್ವಲ್ಪ ಜೋಲುತ್ತಿತ್ತು, ಅಷ್ಟೇ. ಹನ್ನೊಂದು ವರ್ಷದಲ್ಲಿ ಆಕೆಗೆ ಅಷ್ಟು ಖುಷಿಯಾದ ದಿನ ಇನ್ನೊಂದಿರಲಿಲ್ಲ.

ಮೊದಲ ವರ್ಷದ ಕೊನೆಗೆ ಗುಂಡುಮಣಿ ಮೂರನೆಯ ಚಪ್ಪಡಿ ಮುಟ್ಟಿತು. ಇನ್ನು ಮಾದರಿ ಉತ್ತರದಂತೆ ಮುಂದುವರಿಸಬೇಕು. ಎರಡನೆಯ ವರ್ಷಕ್ಕೆ ಒಬ್ಬ ಒಂಬತ್ತನೆಯ ಚಪ್ಪಡಿಗೆ ಹೋಗಿ ನಿಂತ. ಮೂರನೆಯ ವರ್ಷದವನು ಜಗುಲಿಯ ತುದಿಗೆ ಹೋದ. ನಾಲ್ಕನೆಯವನು ಗೇಟಿನ ಹೊರಗೆ, ಐದನೆಯವಳು ಬಸ್‌ಸ್ಟ್ಯಾಂಡಿನಲ್ಲಿ, ಆರನೆಯವನು ಕೆರೆಯ ಏರಿಯ ಮೇಲೆ. ಏಳನೆಯವನು ಇಟ್ಟಿಗೆ ಗೂಡಿನ ಹತ್ತಿರ ನಿಂತು ಟವಲು ಬೀಸಿದ. ಎಂಟನೆಯವನು ಕಣ್ಣಿಗೆ ಕಾಣದಷ್ಟು ದೂರ ಹೋದ. ಒಂಬತ್ತನೆಯವನನ್ನು ಬಸ್ಸು ಹತ್ತಿಸಿ ಕಳಿಸಿದರು. ಅವನು ಅಲ್ಲೇ ಸಂತೆ ಮುಗಿಸಿಕೊಂಡು ಸಂಜೆಗೆ ಬಂದ. ಹತ್ತನೆಯ ವರ್ಷದ ಬಿಂದು ನೆರೆರಾಜ್ಯದೊಳಗೆ ಬೀಳುತ್ತಿತ್ತು. ಅಲ್ಲಿ ಹೋಗಿ ನಿಲ್ಲಲು ಪರವಾನಗಿ ಬೇಕಿತ್ತು.

ದೇವೀರಿ ಎಂಬ ಹುಡುಗಿ ಹಗ್ಗ ಕೆಳಗೆ ಹಾಕಿ ಸೊಂಟದ ಮೇಲೆ ಕೈಯಿಟ್ಟಳು. ತರಗತಿಯಲ್ಲಿ ಮೊದಲು ಪ್ರಶ್ನೆ ಕೇಳುವವಳೂ ಕೊನೆಗೆ ಒಪ್ಪುವವಳೂ ಅವಳೇ.

"ಮೇಡಮ್ಮೋರೆ, ನಾನೂ ಹುಟ್ಟಿದ ವರ್ಸ ಮೂರು ಪಟ್ಟು ಆಗಿದ್ನಂತೆ, ನಮ್ಮವ್ವ ಯೋಳ್ತದೆ. ಹಂಗೇ ಬೆಳ್ಕಂಡು ಬಂದಿದ್ರೆ ಈ ಊರಲ್ಲಿ ನಾನೊಬ್ಳೇ ಇರ್ತಿದ್ದೆ. ಇದ್ಯಾವ್ ಲೆಕ್ಕ ಬುಡಿ!"

ಮಾಚಲೆಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. "ಅದೇ ಕಣೇ ಪಾಠ. ಹಗ್ಗ ಎಲ್ಲಿ ತನಕ ಬೇಕಾದ್ರೂ ಎಳೀಬಹುದು. ಅಳತೆ ಇರೋ ತನಕ ಮಾತ್ರ ನಂಬಬೇಕು."

"ಹಂಗಾದ್ರೆ ತೂಗೇ ಬುಡಣ ಬನ್ನಿ. ಗುಂಡುಮಣಿ ಇಲ್ಲೇ ಐತಲ್ಲ."

ಓದುಗರಿಗೆ ಹೇಳುವುದು ಮರೆತೆ. ಪೇಟ ತಿಂದ ಅಪರಾಧಕ್ಕೆ ಗುಂಡುಮಣಿಯನ್ನು ಗಡೀಪಾರು ಮಾಡಿದ್ದು ಕೆಳಗೆರೆಯ ಮರದ ಡಿಪೋಗೆ. ದಿಮ್ಮಿ ಎಳೆಯುತ್ತ, ದಿನಾ ಸಂಜೆ ಕಾಲೇಜಿನ ಮುಂದೆಯೇ ಹಾದು ಕೆರೆಗೆ ಹೋಗುತ್ತಿತ್ತು. ಊರಿನ ಕೂಸುಗಳಿಗೂ ಅದರ ಗುರುತಿತ್ತು. ಆದರೆ ಆನೆ ಈಗೆಲ್ಲಿದೆ ಎಂಬ ಕಾಲಂ ರಾಜಮಾನ್ಯ ದತ್ತಾಂಶದಲ್ಲಿ ಇರಲಿಲ್ಲ.

ಡಿಪೋದಲ್ಲಿ ಗಾಡಿ ತೂಗುವ ಕಾಟಾ ಇತ್ತು. ಮಾವುತ ಬೊಮ್ಮ ಒಂದು ಕಬ್ಬಿನ ತುಂಡು ತೋರಿಸಿ ಗುಂಡುಮಣಿಯನ್ನು ಅದರ ಮೇಲೆ ನಿಲ್ಲಿಸಿದ. ಒಬ್ಬರಾದ ಮೇಲೆ ಒಬ್ಬರು ಓದಿದರು. ಓದು ತಪ್ಪಬಾರದೆಂದು ಮಾಚಲೆ ಮತ್ತೆ ಮತ್ತೆ ನಿಲ್ಲಿಸಿದಳು, ಬೊಮ್ಮನ ಕಬ್ಬು ಮುಗಿಯಿತು. ಕಾಲೇಜಿಗೆ ಓಡಿಬಂದು ಲೆಕ್ಕ ಹಾಕಿದರು. ಹುಟ್ಟಿದ ದಿನದ ಹದಿಮೂರು ಪಟ್ಟು. ಹತ್ತು ವರ್ಷದ ಗುಂಡುಮಣಿ ಜಗುಲಿಯ ಹದಿಮೂರನೆಯ ಚಪ್ಪಡಿಯ ಮೇಲೆ, ಪ್ರಾಂಶುಪಾಲರ ಕೊಠಡಿಯ ಬಾಗಿಲಿಗೆ ಸರಿಯಾಗಿ ಬಂತು. ದೇವೀರಿ ಅಲ್ಲಿ ಸುಣ್ಣದಲ್ಲಿ ಒಂದು ಪುಟ್ಟ ಆನೆ ಬರೆದಳು.

"ಆನೇನ ನನ್ನ ಬಾಗಿಲಿಗೆ ತಂದು ನಿಲ್ಲಿಸಬೇಡ್ರಮ್ಮ" ಎಂದು ಹೊಂದಾಣಿಕಪ್ಪನವರು ಕೈಮುಗಿದರು. "ಗೆರೆ ಎಲ್ಲಿಗೆ ಹೋಗ್ಬೇಕು ಅಂತ ಮೇಲಿನಿಂದ ಬಂದಿದೆ, ಅಲ್ಲಿಗೇ ಹೋಗ್ಲಿ."

ಪರೀಕ್ಷೆ ಬಂತು. ಒಂದೇ ಪ್ರಶ್ನೆ: "ಗುಂಡುಮಣಿಗೆ ಈಗ ಹತ್ತು ವರ್ಷ. ಅದರ ತೂಕವೆಷ್ಟು? ಕಡಿಮೆ ಹೇಳುವವರು ರಾಜಭಕ್ತಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು." ಭೂರಿಮಂಡಲದ ಉಳಿದ ಎಲ್ಲ ಕಾಲೇಜುಗಳ ಎಲ್ಲ ವಿದ್ಯಾರ್ಥಿಗಳೂ ಐವತ್ತೊಂಬತ್ತು ಸಾವಿರದ ನಲವತ್ತೊಂಬತ್ತು ಪಟ್ಟು ಎಂದು ಬರೆದರು. ಕೆಳಗೆರೆಯವರು ಹದಿಮೂರು ಪಟ್ಟು ಎಂದು ಬರೆದು, ಕೆಳಗೆ "ತೂಗಿ ನೋಡಿದ್ದೇವೆ" ಎಂದು ಸೇರಿಸಿದರು. ಅಷ್ಟೂ ಜನ ಫೇಲಾದರು. ಹಿಂದೆಯೇ ಆದೇಶ ಬಂತು: ಶೂನ್ಯ ಫಲಿತಾಂಶದ ಕಾರಣ ಕೆಳಗೆರೆ ಕಾಲೇಜನ್ನು ದೂರದ ಪಟ್ಟಣದ ಕಾಲೇಜಿನಲ್ಲಿ ವಿಲೀನಗೊಳಿಸಲಾಗಿದೆ.

ವಿಲೀನ ಎಂದರೇನೆಂದು ದೇವೀರಿಗೆ ಗೊತ್ತಿತ್ತು. "ನಡ್ಕಂಡು ಹೋಗೋ ಕಾಲೇಜಾದ್ರೆ ಓದು, ಬಸ್ ಹತ್ತೋದಾದ್ರೆ ಬ್ಯಾಡ ಅಂದದೆ ನಮ್ಮವ್ವ" ಎಂದಳು. ಜಗುಲಿಯಲ್ಲಿದ್ದ ಹುಡುಗಿಯರೆಲ್ಲರ ಮನೆಯ ಮಾತೂ ಅದೇ. ಕಾಲೇಜು ಹೋದರೆ ಅವರ ಓದು ಅಲ್ಲಿಗೇ ನಿಂತಂತೆ. ಸರಿಯಾದುದನ್ನು ಕಲಿಸಿ ಮಕ್ಕಳ ಕಾಲಡಿಯ ಚಪ್ಪಡಿಯನ್ನೇ ಕಿತ್ತೆನಲ್ಲ ಎಂದು ಮಾಚಲೆಗೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಬೊಮ್ಮನ ಬಳಿ ಹೋಗಿ, "ಆನೇನ ರಾಜಧಾನಿಗೆ ನಡೆಸ್ಕೊಂಡು ಹೋಗಣ. ಒಂದು ಸಲ ಕಣ್ಣಲ್ಲಿ ನೋಡಿದ್ರೆ ಸಾಕು, ಮಹಾರಾಜರು ಒಪ್ತಾರೆ" ಎಂದಳು. ಬೊಮ್ಮನೂ ದೇವೀರಿಯೂ ಜೊತೆಗೆ ಹೊರಟರು.

ರಾಜಧಾನಿಯಲ್ಲಿ ಆಗಲೇ ಸಂಭ್ರಮ. ಇಷ್ಟು ಕಾಲೇಜುಗಳು ಒಂದೇ ಉತ್ತರ ಹೇಳಿದ್ದನ್ನು ಆ ರಾಜ್ಯ ಹಿಂದೆಂದೂ ಕಂಡಿರಲಿಲ್ಲ. ಅಷ್ಟು ದೊಡ್ಡ ಆನೆ ಹಬ್ಬದ ಮೆರವಣಿಗೆಗೆ ಬರಲಿದೆ ಎಂದ ಮೇಲೆ ಅದಕ್ಕೆ ಮೇವು ಬೇಡವೇ? ಮನೆಗೆ ದಿನಕ್ಕೊಂದು ಹೊರೆ ಹುಲ್ಲೆಂದು ಗಜಗ್ರಾಸ ಕಂದಾಯ ಜಾರಿಯಾಗಿತ್ತು. ಜನ ತಮ್ಮ ದನದ ಮುಂದಿನ ಹುಲ್ಲು ಎತ್ತಿ ತಂದು ಒಟ್ಟುತ್ತಿದ್ದರು. ಬಣವೆ ಕೋಟೆಗಿಂತ ಎತ್ತರಕ್ಕೆ ಎದ್ದಿತ್ತು. ಕೋಟೆಬಾಗಿಲನ್ನು ಆನೆಯ ಅಂದಾಜು ಅಳತೆಗೆ ಒಡೆಯಲು ಹೋಗಿ, ಕೋಟೆಯನ್ನೇ ತೆಗೆಯಬೇಕಾಗಿ ಬಂದಿತ್ತು.

ಇಲ್ಲದ ಬಾಗಿಲಿನ ಕಾವಲುಗಾರ ಗುಂಡುಮಣಿಯನ್ನು ಮೇಲಿಂದ ಕೆಳಗೆ ನೋಡಿ, "ಇದು ಸ್ಯಾಂಪಲ್ಲಾ?" ಎಂದು ಕೇಳಿ ಒಳಗೆ ಬಿಟ್ಟ.

ದರ್ಬಾರು ತುಂಬಿತ್ತು. ನೆರೆರಾಜ್ಯದ ರಾಯಭಾರಿಯೂ ವಿಶೇಷ ಆಹ್ವಾನಿತನಾಗಿ ಕುಳಿತಿದ್ದ. ಮಾಚಲೆ ಬಾಯಿ ತೆರೆಯುವ ಮೊದಲೇ ಗುಂಡುಮಣಿ ಸಿಂಹಾಸನದ ಬಳಿಗೆ ನಡೆದು ಮಹಾರಾಜರ ಮಡಿಲಿಗೆ ಸೊಂಡಿಲು ಹಾಕಿ ಹುಡುಕತೊಡಗಿತು. ಅನುಮೋದರಾಯರು ಎರಡೂ ಕೈಯಲ್ಲಿ ಪೇಟ ಹಿಡಿದುಕೊಂಡರು. ಮಹಾರಾಜರು ಸಣ್ಣ ದನಿಯಲ್ಲಿ, "ಗುಂಡೂ... ಬೆಲ್ಲ ಇಲ್ವಲ್ಲೇ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಮಾಚಲೆ ದೇವೀರಿಯ ಕೈ ಹಿಡಿದುಕೊಂಡಳು. ಗೆದ್ದೆವು ಎಂದೇ ಇಬ್ಬರೂ ತಿಳಿದರು.

ಅನುಮೋದರಾಯರು ಮಹಾರಾಜರ ಕಿವಿಯ ಬಳಿ ಬಾಗಿದರು. "ಮಹಾಪ್ರಭು, ಈ ಆನೆ ನಿಜವಾದರೆ ನಮ್ಮ ಕಾಲೇಜುಗಳೆಲ್ಲ ತಪ್ಪಾಗುತ್ತವೆ, ಕಂದಾಯ ತಪ್ಪಾಗುತ್ತದೆ, ಕೆಡವಿದ ಕೋಟೆ ತಪ್ಪಾಗುತ್ತದೆ. ಕಾಲೇಜುಗಳು ಸರಿಯಾದರೆ ಒಂದು ಆನೆ ಮಾತ್ರ ತಪ್ಪಾಗುತ್ತದೆ. ರಾಯಭಾರಿ ಬೇರೆ ಬರೆದುಕೊಳ್ಳುತ್ತಿದ್ದಾನೆ."

ಮಹಾರಾಜರು ಸೊಂಡಿಲನ್ನು ಮೆಲ್ಲಗೆ ಮಡಿಲಿನಿಂದ ತೆಗೆದರು. ಗಂಟಲು ಸರಿಮಾಡಿಕೊಂಡರು. "ಈ ಆನೆಯು ಗುರಿಸಾಧನೆಯಲ್ಲಿ ಹಿಂದುಳಿದಿದೆ" ಎಂದರು. ಸಭೆ ಭಲೇ ಎಂದಿತು. ಬಳಿಕ ಮಾಚಲೆಯ ಕಡೆ ತಿರುಗಿ, "ತಾಯಿ, ನಾವು ಕಠಿಣರಲ್ಲ. ಗುಂಡುಮಣಿಯ ತೂಕವೆಷ್ಟೆಂದು ಸಭೆಗೆ ಇನ್ನೊಮ್ಮೆ ಹೇಳು. ಉತ್ತರ ಸರಿಬಂದರೆ ನಿನ್ನ ಕಾಲೇಜು ನಿಂತಲ್ಲೇ ನಿಲ್ಲುತ್ತದೆ, ನಿನ್ನ ಮಕ್ಕಳೆಲ್ಲ ಪಾಸಾಗುತ್ತಾರೆ, ನೀನು ಇನ್ನು ಅತಿಥಿಯಲ್ಲ" ಎಂದರು.

ಮಾಚಲೆ ದೇವೀರಿಯನ್ನು ನೋಡಿದಳು. ದೇವೀರಿ ತಲೆಯನ್ನು ಅಡ್ಡಕ್ಕೆ ಆಡಿಸಿದಳು. ಆ ದರ್ಬಾರಿನಲ್ಲಿ ಅಡ್ಡಕ್ಕೆ ಆಡಿದ ತಲೆ ಅದೊಂದೇ. ಮಾಚಲೆಗೆ ಕಂಡದ್ದು ಜಗುಲಿ. ಬೀಗ ಹಾಕಿದ ಗೇಟು. ಬಸ್ಸು ಹತ್ತಲಾರದೆ ಮನೆಯಲ್ಲುಳಿದ ಹುಡುಗಿಯರು. ಒಂದು ಸುಳ್ಳಿಗೆ ಅಷ್ಟೂ ಉಳಿಯುವುದಾದರೆ, ಎಂದುಕೊಂಡಳು. ಕುರ್ಚಿಯೂ ಕಂಡಿತು. ಅದನ್ನು ಆಕೆ ತನಗೇ ಹೇಳಿಕೊಳ್ಳಲಿಲ್ಲ.

"ತಪ್ಪಾಯಿತು, ಮಹಾಪ್ರಭು. ಐವತ್ತೊಂಬತ್ತು ಸಾವಿರದ ನಲವತ್ತೊಂಬತ್ತು ಪಟ್ಟು."

ಊರಿಗೆ ಹಿಂದಿರುಗುವ ದಾರಿಯುದ್ದಕ್ಕೂ ಮಾಚಲೆ ಆನೆಯ ಈ ಕಡೆ ನಡೆದಳು, ದೇವೀರಿ ಆ ಕಡೆ.

ಮಹಾರಾಜರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಕಾಲೇಜು ಉಳಿಯಿತು. ಕುರ್ಚಿ ಬಂತು. ಹದಿಮೂರನೆಯ ಚಪ್ಪಡಿಯ ಆನೆಯನ್ನು ಹೊಂದಾಣಿಕಪ್ಪನವರು ತಾವೇ ಬಕೆಟ್ಟು ಹಿಡಿದು ತೊಳೆದರು. ಪಾಸಾದ ವಿದ್ಯಾರ್ಥಿಗಳಿಗೆ ಸರ್ಕಾರಿ ಕೆಲಸವೂ ಬಂತು. ಹುದ್ದೆಯ ಹೆಸರು ದತ್ತಾಂಶ ವಾಹಕರು. ಏನು ಕೆಲಸವೆಂದು ಆದೇಶದಲ್ಲಿ ಇರಲಿಲ್ಲ, ರಾಜಧಾನಿಗೆ ಬಂದು ಸೇರಿ ಎಂದಿತ್ತು. ಸರ್ಕಾರಿ ಸಂಬಳವೆಂದ ಮೇಲೆ ಬಸ್ಸು ಬೇಡವೆಂದಿದ್ದ ಮನೆಗಳೂ ಒಪ್ಪಿದವು. ಇದ್ದ ಹುಲ್ಲೆಲ್ಲ ಕಂದಾಯಕ್ಕೆ ಹೋಗಿದ್ದರಿಂದ ಕೆಳಗೆರೆಯ ದನಗಳ ಪಕ್ಕೆಲುಬು ದೂರದಿಂದಲೇ ಕಾಣುವಂತಾಯಿತು. ತಪ್ಪು ಆನೆ ಎಂದು ಗುಂಡುಮಣಿಯ ಪಡಿಯೂ ನಿಂತುಹೋಗಿ, ಅದು ಹೊಟ್ಟೆಪಾಡಿಗೆ ಹುಲ್ಲಿನ ವಾಸನೆ ಹಿಡಿದು ರಾಜಧಾನಿಯ ಹಾದಿ ಹಿಡಿಯಿತು. ಬೊಮ್ಮ ಹಿಂದೆ ಹೋದ.

ಹಬ್ಬದ ದಿನ ರಾಜಮಾನ್ಯ ಆನೆಯ ಮೆರವಣಿಗೆ. ಮಾಚಲೆಗೆ ಗಣ್ಯರ ಸಾಲಿನಲ್ಲಿ ಜಾಗವಿತ್ತು. ಅಷ್ಟು ದೊಡ್ಡ ಆನೆಯನ್ನು ಒಮ್ಮೆಲೇ ಮಾಡಲಾಗದೆಂದು ಹಂತಹಂತವಾಗಿ ಮಾಡಲು ತೀರ್ಮಾನವಾಗಿತ್ತು. ಮೊದಲ ಹಂತದಲ್ಲಿ ಕಾಲು, ಹೊಟ್ಟೆ ಮತ್ತು ಕಿರೀಟ. ಬಿದಿರಿನ ಚೌಕಟ್ಟು, ಒಳಗೆ ಕಂದಾಯದ ಹುಲ್ಲು, ಮೇಲೆ ಜರತಾರಿ ಬಟ್ಟೆ, ಅದರ ಮೇಲೆ ಅಂಬಾರಿ, ಅಂಬಾರಿಯಲ್ಲಿ ಮಹಾರಾಜರು. ಪುರೋಹಿತರು ಏಣಿ ಹತ್ತಿ ತಲೆ ಇನ್ನೂ ಬಾರದ ಆನೆಗೆ ಕಿರೀಟ ಇಟ್ಟರು. ಆನೆ ನಡೆಯಿತು. ಅದರ ಕಾಲುಗಳು ದತ್ತಾಂಶ ವಾಹಕರು.

ಹಿಂಬದಿಯಲ್ಲಿ ಗುಂಡುಮಣಿ ನುಗ್ಗಿ ಬಂದು ರಾಜಗಜದ ಬಾಲದ ಬುಡದಿಂದ ಒಂದು ಹೊರೆ ಹುಲ್ಲು ಸೆಳೆದು ತಿನ್ನತೊಡಗಿತು. ಆನೆಯ ಮಾನಕ್ಕೆ ಧಕ್ಕೆ ತಂದ ಆರೋಪದ ಮೇಲೆ ಭಟರು ಆನೆಯನ್ನು ಹೊಡೆದಟ್ಟಿದರು.

ರಾಜಗಜವು ಗಣ್ಯರ ಸಾಲಿನ ಮುಂದೆ ನಿಂತಿತು. ಬಟ್ಟೆಯಂಚಿನ ಕೆಳಗೆ ಸಾಲು ಸಾಲು ಪಾದಗಳು. ಅವುಗಳಲ್ಲಿ ಒಂದರ ಚಪ್ಪಲಿಗೆ ಉಂಗುಷ್ಠವಿರಲಿಲ್ಲ. ಬಾವಿಯ ಹಗ್ಗದ ಚೂರು ಕಟ್ಟಿತ್ತು. ಮಾಚಲೆ ಕುರ್ಚಿಯಿಂದ ಬಾಗಿ ಮೆಲ್ಲಗೆ ಕರೆದಳು.

"ದೇವೀರಿ?"

ಒಳಗಿನಿಂದ ಏದುಸಿರು. ಆಮೇಲೆ ದನಿ. "ಮೇಡಮ್ಮೋರೆ, ನೀವು ಸಭೇಲಿ ಯೋಳಿದ್ದೇ ಸರಿ ಕಣ್ರೀ. ಹೊತ್ಕಂಡ್ರೆ ಹದಿಮೂರಲ್ಲ."

ಮಾಚಲೆ ಏನೋ ಹೇಳಲು ಹೋದಳು. ಅಷ್ಟರಲ್ಲಿ ಅಂಬಾರಿಯ ಪಕ್ಕದ ಏಣಿಯ ಮೇಲೆ ನಿಂತಿದ್ದ ಅನುಮೋದರಾಯರು ಎರಡೂ ಕೈ ಎತ್ತಿ ಘೋಷಿಸಿದರು: ವಿಶ್ಲೇಷಣೆಯ ಪ್ರಕಾರ ಬರುವ ವರ್ಷ ಈ ಆನೆಯು ಇದರ ಮೂರು ಪಟ್ಟಾಗಲಿದೆ, ಹುಲ್ಲೂ ಮೂರು ಪಟ್ಟು, ಕಾಲೂ ಮೂರು ಪಟ್ಟು. ರಾಯಭಾರಿ ಎದ್ದು ನಿಂತು ಚಪ್ಪಾಳೆ ತಟ್ಟಿದ. ಗಣ್ಯರು ತಟ್ಟಿದರು, ಬೀದಿಯ ಎರಡೂ ಬದಿಯ ಜನ ತಟ್ಟಿದರು. ಅಕ್ಕಪಕ್ಕದವರು ನೋಡುತ್ತಿದ್ದುದರಿಂದ ಮಾಚಲೆಯೂ ತಟ್ಟಿದಳು. ಆನೆಯೊಳಗಿದ್ದವರು ಮಾತ್ರ ತಟ್ಟಲಿಲ್ಲ. ಅವರ ಕೈ ಬಿಡುವಾಗಿರಲಿಲ್ಲ.